ಮೊದಲ ಸುತ್ತು ಎಳೆದವಳ ಹೆಸರೂ ಬರಲಿ

ಮಾನ್ಯ ಸಂಪಾದಕರೇ,

ಮೂವರು ಒಟ್ಟಿಗೆ ಹೊರಟು, ಸುತ್ತಿಗೊಬ್ಬರಂತೆ ಮುಂದೆ ನಿಂತು ಎಳೆಯುವ ಮಹಿಳೆಯರ ಟೀಮ್ ಸ್ಪ್ರಿಂಟ್ ಸೈಕಲ್ ಸ್ಪರ್ಧೆಯ ಸುದ್ದಿ ನಮ್ಮ ಕನ್ನಡ ಪತ್ರಿಕೆಗಳಲ್ಲಿ ಬಂದರೆ ಒಂದೇ ಸಾಲಿನಲ್ಲಿ ಬರುತ್ತದೆ: ಇಂಥ ದೇಶಕ್ಕೆ ಚಿನ್ನ, ಇಂಥದ್ದಕ್ಕೆ ಬೆಳ್ಳಿ. ಹೆಸರು ಹಾಕಿದರೂ ಕೊನೆಯಲ್ಲಿ ಗೆರೆ ಮುಟ್ಟಿದವರ ಹೆಸರು. ಮೊದಲ ಸುತ್ತು ಯಾರು ಎಳೆದರು, ಎಷ್ಟು ಸೆಕೆಂಡಿನಲ್ಲಿ ಎಳೆದರು ಎಂಬುದು ಎಲ್ಲೂ ಸಿಗುವುದಿಲ್ಲ. ಈ ಆಟದಲ್ಲಿ ಕೆಲಸ ಆಗುವುದೂ ಕೆಡುವುದೂ ಆ ಸುತ್ತಿನಲ್ಲೇ. ಜತ್ತ ತಾಲ್ಲೂಕಿನ ಕನ್ನಡ ಶಾಲೆಗಳ ಹುಡುಗಿಯರಿಗೆ ಸೈಕಲ್ ಹೇಳಿಕೊಡುವವರಾಗಿ ಈ ಪತ್ರ ಬರೆಯುತ್ತಿದ್ದೇವೆ. ಮಹಾರಾಷ್ಟ್ರದ ಈ ಮೂಲೆಯಲ್ಲಿ ಕನ್ನಡ ಓದುವ ಮಕ್ಕಳಿಗೆ ಆಟದ ಒಳಗುಟ್ಟು ಅವರ ಭಾಷೆಯಲ್ಲಿ ತಲುಪಬೇಕಾದರೆ ಪತ್ರಿಕೆಯೇ ದಾರಿ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ, ಜಾಗ ಕೊಡಬೇಕು.

2024ರ ಆಗಸ್ಟ್ 5ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಕೇಟಿ ಮಾರ್ಚಂಟ್, ಸೋಫಿ ಕೇಪ್‌ವೆಲ್, ಎಮ್ಮಾ ಫಿನುಕೇನ್ 45.186 ಸೆಕೆಂಡಿನಲ್ಲಿ ಮೂರು ಸುತ್ತು ಮುಗಿಸಿ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಸುತ್ತು 250 ಮೀಟರಿನದು, ಅಂದರೆ ಒಟ್ಟು 750 ಮೀಟರ್. ನಿಂತ ಸೈಕಲ್ಲಿನಿಂದ ಹೊರಟು ಸರಾಸರಿ ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗ. ಈ 45 ಸೆಕೆಂಡನ್ನು ಬಿಡಿಸಿ ನೋಡಬೇಕು. ಈ ಮಟ್ಟದ ಸ್ಪರ್ಧೆಯಲ್ಲಿ ಮೊದಲ ಸುತ್ತಿಗೇ ಹದಿನೆಂಟು ಸೆಕೆಂಡಿನ ಮೇಲೆ ಹೋಗುತ್ತದೆ. ಉಳಿದೆರಡು ಸುತ್ತುಗಳಿಗೆ ತಲಾ ಹದಿಮೂರೂವರೆಯ ಆಸುಪಾಸು. ಮೊದಲನೆಯವಳು ಒಂದು ಸುತ್ತು ಮುಂದೆ ನಿಂತು ಗಾಳಿ ಸೀಳಿಕೊಟ್ಟು ವಾಲಿದ ಟ್ರ್ಯಾಕಿನ ಮೇಲ್ಗಡೆ ಸರಿದುಬಿಡುತ್ತಾಳೆ, ಅವಳ ಓಟ ಅಲ್ಲಿಗೆ ಮುಗಿಯಿತು. ಎರಡನೆಯವಳು ಇನ್ನೊಂದು ಸುತ್ತು ಎಳೆದು ಅವಳೂ ಸರಿಯುತ್ತಾಳೆ. ಕೊನೆಯ ಸುತ್ತು ಮೂರನೆಯವಳೊಬ್ಬಳದೇ. ಅವಳ ಮುಂದಿನ ಚಕ್ರ ಗೆರೆ ಮುಟ್ಟಿದಾಗ ಗಡಿಯಾರ ನಿಲ್ಲುತ್ತದೆ. ಹಾಗಾಗಿ ಕ್ಯಾಮೆರಾ ಅವಳ ಮೇಲೆ, ಪತ್ರಿಕೆಯಲ್ಲಿ ಹೆಸರೂ ಅವಳದೇ.

ಹಿಂದೆ ಇದು ಇಬ್ಬರ ಆಟವಾಗಿತ್ತು. ವಿಶ್ವ ಚಾಂಪಿಯನ್‌ಷಿಪ್‌ಗೆ 2007ರಲ್ಲಿ ಬಂತು, ಒಲಿಂಪಿಕ್ಸ್‌ಗೆ 2012ರಲ್ಲಿ ಲಂಡನ್ನಿನಲ್ಲಿ. ಗಂಡಸರು ಮೂವರು ಮೂರು ಸುತ್ತು ಹೊಡೆಯುತ್ತಿದ್ದರೆ ಹೆಂಗಸರಿಗೆ ಎರಡೇ ಸುತ್ತು. ಟೋಕಿಯೊದಲ್ಲಿ ಚೀನಾದ ಬಾವೊ ಶಾನ್‌ಜು, ಝೊಂಗ್ ಟಿಯಾನ್‌ಶಿ ಜೋಡಿ 31.804 ಸೆಕೆಂಡಿನ ದಾಖಲೆ ಮಾಡಿ ಚಿನ್ನ ಗೆದ್ದದ್ದು ಇಬ್ಬರ ಸ್ಪರ್ಧೆಯ ಕೊನೆಯ ಒಲಿಂಪಿಕ್ಸ್. 2021ರ ಅಕ್ಟೋಬರಿನಲ್ಲಿ ಫ್ರಾನ್ಸಿನ ರೂಬೇ ವಿಶ್ವ ಚಾಂಪಿಯನ್‌ಷಿಪ್‌ಗೆ ಬರುವಷ್ಟರಲ್ಲಿ ಹೆಂಗಸರಿಗೂ ಮೂವರು, ಮೂರು ಸುತ್ತು ಎಂದಾಯಿತು. ಅಲ್ಲಿ ಜರ್ಮನಿಯ ಗ್ರಾಬೊಷ್, ಹಿಂಟ್ಸೆ, ಫ್ರೀಡ್ರಿಷ್ ಗೆದ್ದರು. ಹಿಂದೆ ಒಂದು ದೇಶಕ್ಕೆ ಇಬ್ಬರು ಒಳ್ಳೆಯ ಸ್ಪ್ರಿಂಟರುಗಳಿದ್ದರೆ ಸಾಕಿತ್ತು. ಈಗ ಮೂರು ಬೇರೆ ಬೇರೆ ಗುಣದವರು ಬೇಕು: ನಿಂತಲ್ಲಿಂದ ಸಿಡಿಯುವವಳು, ಸಿಡಿದವಳ ಬೆನ್ನು ಬಿಡದೆ ವೇಗ ಏರಿಸುವವಳು, ನಲವತ್ತೈದು ಸೆಕೆಂಡು ಉಸಿರು ಕಟ್ಟಿ ತಡೆಯುವವಳು.

ಮೊದಲನೆಯ ಜಾಗಕ್ಕೆ ಎಂಥವರು ಬರುತ್ತಾರೆ ನೋಡಿ. ಪ್ಯಾರಿಸ್ಸಿನಲ್ಲಿ ಬೆಳ್ಳಿ ಗೆದ್ದ ನ್ಯೂಜಿಲೆಂಡ್ ತಂಡದ ಮೊದಲ ಸುತ್ತು ಎಳೆದ ರೆಬೆಕಾ ಪೆಚ್ ಅದಕ್ಕೆ ಮೊದಲಿನ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬಿಎಂಎಕ್ಸ್ ಸ್ಪರ್ಧಿ. 2007ರಲ್ಲಿ ಬ್ರಿಟನ್ನಿಗಾಗಿ ವಿಕ್ಟೋರಿಯಾ ಪೆಂಡಲ್ಟನ್ ಜೊತೆ ಮೊಟ್ಟಮೊದಲ ವಿಶ್ವ ಪ್ರಶಸ್ತಿ ಗೆದ್ದ ಶನೇಜ್ ರೀಡ್ ಕೂಡ ಬಿಎಂಎಕ್ಸ್‌ನಿಂದಲೇ ಬಂದವರು. ಬಿಎಂಎಕ್ಸ್ ಎಂದರೆ ಸಣ್ಣ ಚಕ್ರದ ಸೈಕಲ್ಲಿನಲ್ಲಿ ದಿಬ್ಬಗಳ ಮೇಲೆ ಹಾರಿಸುವ ಓಟ. ಅಲ್ಲಿ ಗೇಟು ಬಿದ್ದ ಕೂಡಲೇ ಮೊದಲ ಮೂರು ಪೆಡಲಿನಲ್ಲೇ ಅರ್ಧ ಪಂದ್ಯ ತೀರ್ಮಾನವಾಗಿರುತ್ತದೆ. ಮಾರ್ಚಂಟ್ 2022ರಲ್ಲಿ ತಾಯಿಯಾಗಿ ಆಮೇಲೆ ಮರಳಿ ಬಂದು ಈ ಜಾಗ ಹಿಡಿದವರು. ಈ ಸುತ್ತಿಗೆ ವರ್ಷಗಟ್ಟಲೆ ರಸ್ತೆಯ ಮೇಲೆ ನೂರಾರು ಕಿಲೋಮೀಟರ್ ತುಳಿದ ದೇಹ ಬೇಡ. ಕುಳಿತಲ್ಲಿಂದ ಚಿಮ್ಮುವ ತೊಡೆ, ಸೊಂಟ ಬೇಕು.

ಅಂಥ ಹುಡುಗಿಯರು ನಮ್ಮಲ್ಲಿ ಖೊಖೊ ಅಂಗಳದಲ್ಲಿದ್ದಾರೆ. ಚೌಕದಲ್ಲಿ ಕುಳಿತು, ಬೆನ್ನಿಗೆ ಕೈ ತಾಗಿ ‘ಖೊ’ ಎಂದ ಕ್ಷಣಕ್ಕೆ ಎದ್ದು ಎರಡೇ ಹೆಜ್ಜೆಯಲ್ಲಿ ಪೂರ್ತಿ ವೇಗಕ್ಕೆ ಬರುವ ಹುಡುಗಿಯಲ್ಲಿ ಈ ಸುತ್ತಿಗೆ ಬೇಕಾದ ಗುಣ ಆಗಲೇ ಇದೆ. ಆದರೆ ನಮ್ಮಲ್ಲಿ ಸೈಕಲ್ ಎಂದರೆ ಉದ್ದನೆಯ ರಸ್ತೆ ಓಟ. ಪಕ್ಕದ ವಿಜಯಪುರ, ಬಾಗಲಕೋಟೆಗಳು ಸೈಕಲ್ಲಿಗೆ ಹೆಸರಾದ ಜಿಲ್ಲೆಗಳು, ಅಲ್ಲಿಯ ಗಾಳಿ ನಮಗೂ ಬೀಸಿದೆ, ಅದು ಸಂತೋಷ. ಆದರೆ ಇಪ್ಪತ್ತು ಕಿಲೋಮೀಟರ್ ಓಟದಲ್ಲಿ ಹಿಂದೆ ಬಿದ್ದ ದಪ್ಪ ತೊಡೆಯ ಹುಡುಗಿಗೆ ‘ನಿನಗೆ ಸೈಕಲ್ ಅಲ್ಲ’ ಎಂದು ಹೇಳಿ ಕಳಿಸುವುದು ತಪ್ಪು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತದ ಟೀಮ್ ಸ್ಪ್ರಿಂಟ್ ಓಡಿದ ತ್ರಿಯಾಶಾ ಪಾಲ್, ಮಯೂರಿ ಲುಟೆ, ಶುಶಿಕಲಾ ಆಗಾಶೆ ಈ ಮೂವರಲ್ಲಿ ಇಬ್ಬರು ಮಹಾರಾಷ್ಟ್ರದವರೇ. ಗಡಿಯ ಈಚೆಗಿರುವ ನಮ್ಮ ಹುಡುಗಿಯರು ಆಡಬೇಕಾದದ್ದೂ ಇದೇ ರಾಜ್ಯದ ಪರವಾಗಿ. ದಾರಿ ಇದೆ ಎಂದಾಯಿತು.

ಟ್ರ್ಯಾಕ್ ಇಲ್ಲವಲ್ಲ ಎಂಬ ಮಾತು ಬರುತ್ತದೆ. ನಿಜ, ಹತ್ತಿರದಲ್ಲಿ ಇಲ್ಲ. ಪುಣೆಯ ಬಾಲೆವಾಡಿಗೆ ಹೋಗಬೇಕು, 250 ಮೀಟರಿನ ಮರದ ಒಳಾಂಗಣ ಟ್ರ್ಯಾಕಿಗೆ ದೆಹಲಿಯ ಇಂದಿರಾ ಗಾಂಧಿ ಕ್ರೀಡಾ ಸಂಕೀರ್ಣಕ್ಕೆ ಹೋಗಬೇಕು. ನಲವತ್ತು ಡಿಗ್ರಿಗೂ ಮೀರಿ ವಾಲಿದ ತಿರುವಿನಲ್ಲಿ ಸೈಕಲ್ ಹಿಡಿಯುವುದನ್ನು ಅಲ್ಲಿಗೆ ಹೋಗಿಯೇ ಕಲಿಯಬೇಕು, ಅದಕ್ಕೆ ಬೇರೆ ಉಪಾಯವಿಲ್ಲ. ಆದರೆ ಮೊದಲ ಅರವತ್ತು ಮೀಟರು ಎಲ್ಲಿಯಾದರೂ ನೆಲವೇ. ಅದನ್ನು ನಮ್ಮ ತಾಲ್ಲೂಕಿನ ಉಮದಿಯಲ್ಲೂ ಕಲಿಸಬಹುದು, ಸಂಖದಲ್ಲೂ ಕಲಿಸಬಹುದು.

ಕಲಿಸುವ ಬಗೆ ಹೀಗೆ. ಟ್ರ್ಯಾಕ್ ಸೈಕಲ್ಲಿಗೆ ಫ್ರೀವೀಲ್ ಇಲ್ಲ, ಗೇರ್ ಬದಲಾವಣೆ ಇಲ್ಲ, ಬ್ರೇಕೂ ಇಲ್ಲ. ಚಕ್ರ ತಿರುಗಿದಷ್ಟು ಹೊತ್ತು ಪೆಡಲ್ ತಿರುಗುತ್ತದೆ. ಹಾಗಾಗಿ ಹೊರಡುವ ಮೊದಲೇ ಹಿಂದಿನ ಚಕ್ರ ಎತ್ತಿ ಪೆಡಲನ್ನು ಸರಿಯಾದ ಜಾಗಕ್ಕೆ ತಂದಿಟ್ಟುಕೊಳ್ಳಬೇಕು. ಬಲಗಾಲು ಮುಂದಿಡುವವಳಾದರೆ ಬಲಗಡೆಯಿಂದ ನೋಡಿದಾಗ ಪೆಡಲಿನ ತೋಳು ಗಡಿಯಾರದಲ್ಲಿ ಎರಡು ಗಂಟೆ ತೋರುವ ಮುಳ್ಳಿನಂತಿರಬೇಕು. ಹನ್ನೆರಡಕ್ಕೋ ಒಂದಕ್ಕೋ ಇದ್ದರೆ ತುಳಿದ ಬಲ ಕೆಳಗೆ ಹೋಗುತ್ತದೆಯೇ ಹೊರತು ಸೈಕಲ್ ಮುಂದೆ ಹೋಗುವುದಿಲ್ಲ. ನಾಲ್ಕಕ್ಕೆ ಇದ್ದರೆ ಮೊದಲ ತುಳಿತದ ಅರ್ಧ ಭಾಗ ಹೊರಡುವ ಮೊದಲೇ ಮುಗಿದುಹೋಗಿರುತ್ತದೆ.

ದೊಡ್ಡ ಸ್ಪರ್ಧೆಯಲ್ಲಿ ಮೊದಲನೆಯವಳ ಸೈಕಲ್ಲನ್ನು ಒಂದು ಯಂತ್ರ ಹಿಂದಿನಿಂದ ಹಿಡಿದಿರುತ್ತದೆ. ಸೆಕೆಂಡುಗಳು ಇಳಿಯುತ್ತಾ ಬಂದು ಕೊನೆಯ ಐದಕ್ಕೆ ಒಂದೊಂದು ಬೀಪ್ ಕೇಳಿ, ಸೊನ್ನೆಗೆ ಹಿಡಿತ ಬಿಡುತ್ತದೆ. ನಮ್ಮಲ್ಲಿ ಆ ಯಂತ್ರದ ಕೆಲಸ ಒಬ್ಬ ಗಟ್ಟಿ ಆಳು ಮಾಡಬಹುದು. ಹಿಂದಿನ ಚಕ್ರವನ್ನು ಎರಡು ಮೊಣಕಾಲಿನ ನಡುವೆ ಒತ್ತಿ ಹಿಡಿದು, ಎರಡೂ ಕೈಯಿಂದ ಸೀಟಿನ ಕೆಳಗೆ ಹಿಡಿಯಬೇಕು. ಹಿಡಿದವನೇ ದನಿ ಎತ್ತಿ ಐದರಿಂದ ಕೆಳಗೆ ಎಣಿಸಬೇಕು. ಬಿಡುವಾಗ ಕೈ, ಮೊಣಕಾಲು ಎರಡೂ ಒಟ್ಟಿಗೆ ಪಕ್ಕಕ್ಕೆ ಅಗಲಬೇಕು. ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಪ್ರೀತಿಯಿಂದ ಒಂದು ನೂಕು ಕೊಟ್ಟು ಕಳಿಸುವುದು. ನೂಕಿಸಿಕೊಂಡು ಕಲಿತ ಹುಡುಗಿ ಯಂತ್ರದ ಮುಂದೆ ನಿಂತಾಗ ಮೊದಲ ತುಳಿತಕ್ಕೇ ತಡವರಿಸುತ್ತಾಳೆ.

ಎಣಿಕೆ ಎರಡಕ್ಕೆ ಬಂದಾಗ ಹುಡುಗಿ ಸೊಂಟವನ್ನು ಸೀಟಿನ ಮೇಲಿಂದ ಹಿಂದಕ್ಕೆ ಎಳೆದುಕೊಳ್ಳಬೇಕು, ಬಿಲ್ಲಿನ ಹೆದೆ ಎಳೆದ ಹಾಗೆ. ಸೊನ್ನೆಗೆ ಆ ಸೊಂಟ ಹ್ಯಾಂಡಲ್ಲಿನ ಕಡೆಗೆ ನುಗ್ಗಬೇಕು, ಅದರೊಂದಿಗೇ ಮುಂದಿನ ಕಾಲು ತುಳಿಯಬೇಕು. ಸೊಂಟ ಮೊದಲು ನುಗ್ಗಿ ಹಿಡಿತ ಆಮೇಲೆ ಬಿಟ್ಟರೆ ಸೈಕಲ್ ಹಿಡಿತಕ್ಕೆ ಬಡಿದು ದೇಹ ಹಿಂದಕ್ಕೆ ಬರುತ್ತದೆ, ಅಷ್ಟರಲ್ಲಿ ಹೊರಡುವ ಹೊತ್ತು ಮೀರಿರುತ್ತದೆ. ಬಲಗಾಲು ತುಳಿಯುವಾಗ ಬಲಗೈ ಹ್ಯಾಂಡಲ್ಲನ್ನು ಮೇಲಕ್ಕೆ ಎಳೆಯಬೇಕು. ಎಳೆಯದಿದ್ದರೆ ಸೈಕಲ್ ಬಲಕ್ಕೆ ಮಲಗುತ್ತದೆ, ಅದನ್ನು ನೆಟ್ಟಗೆ ಮಾಡಲು ಹೋಗಿ ಓಟ ಹಾವಿನಂತೆ ಡೊಂಕಾಗುತ್ತದೆ. ಟ್ರ್ಯಾಕಿನಲ್ಲಿ ಒಳಗಿನ ಕಪ್ಪು ಗೆರೆಯ ಮೇಲೆ ಓಡಿದರೆ ಮಾತ್ರ 250 ಮೀಟರ್, ಡೊಂಕಾದಷ್ಟೂ ದೂರ ಹೆಚ್ಚು. ಕಣ್ಣು ಮುಂದಿನ ಚಕ್ರದ ಮೇಲಲ್ಲ, ಹತ್ತು ಹದಿನೈದು ಮೀಟರ್ ಆಚೆ ಇರಬೇಕು. ಸುಮಾರು ಅರ್ಧ ಸುತ್ತಿನವರೆಗೆ ನಿಂತೇ ತುಳಿದು ಆಮೇಲೆ ಕೂರುವುದು. ಬೇಗ ಕೂತರೆ ವೇಗ ಏರುವುದು ನಿಂತುಬಿಡುತ್ತದೆ, ತಡವಾಗಿ ಕೂತರೆ ಎದೆಗೆ ಗಾಳಿ ಹೊಡೆಯುತ್ತದೆ.

ಗೇರಿನ ಲೆಕ್ಕ ಸರಳ. ಮುಂದಿನ ಹಲ್ಲುಗಳನ್ನು ಹಿಂದಿನ ಹಲ್ಲುಗಳಿಂದ ಭಾಗಿಸಿ, ಚಕ್ರದ ಸುತ್ತಳತೆಯಿಂದ, ಅಂದರೆ ಸುಮಾರು 2.1 ಮೀಟರಿನಿಂದ ಗುಣಿಸಬೇಕು. 48ಕ್ಕೆ 16 ಹಾಕಿದರೆ ಒಂದು ಪೆಡಲ್ ಸುತ್ತಿಗೆ ಸೈಕಲ್ 6.3 ಮೀಟರ್ ಹೋಗುತ್ತದೆ. 56ಕ್ಕೆ 14 ಹಾಕಿದರೆ 8.4 ಮೀಟರ್. ಆ ಗೇರಿನಲ್ಲಿ 60 ಕಿಲೋಮೀಟರ್ ವೇಗಕ್ಕೆ ನಿಮಿಷಕ್ಕೆ ಹತ್ತಿರ ಹತ್ತಿರ 120 ಸುತ್ತು ತುಳಿದರೆ ಸಾಕು. ಲೋಕದ ಮೇಲಿನ ತಂಡಗಳು ಈಗ ಇಂಥ ಭಾರೀ ಗೇರುಗಳ ಕಡೆಗೇ ಹೋಗಿವೆ. ಅದನ್ನು ವಿಡಿಯೊದಲ್ಲಿ ನೋಡಿ ಹದಿನೈದು ವರ್ಷದ ಹುಡುಗಿಗೆ ಹಾಕಿಕೊಡಬೇಡಿ. ನಿಂತಲ್ಲಿಂದ ಅದನ್ನು ತಿರುಗಿಸಲು ಮೊಣಕಾಲು, ನಡು ಸೋಲುತ್ತವೆ, ಕಲಿಯಬೇಕಾದ ಸೊಂಟದ ಎಸೆತವೂ ಕೆಡುತ್ತದೆ. 48ಕ್ಕೆ 16 ಒಂದು ವರ್ಷಕ್ಕೆ ಸಾಕು. ಮೇಲಿನ ಮಟ್ಟದಲ್ಲೂ ಮೊದಲನೆಯವಳ ಗೇರು ಮೂರನೆಯವಳದಕ್ಕಿಂತ ಹಗುರವಾಗಿರುವುದೇ ರೂಢಿ.

ಸೈಕಲ್ಲಿನ ಕಡೆ ಬರೋಣ. ನಿಂತಲ್ಲಿಂದ ಪೂರ್ತಿ ಬಲ ಹಾಕಿ ತುಳಿದಾಗ ಚೈನು ಹಿಂದಿನ ಅಚ್ಚನ್ನು ಬಲಗಡೆಯಿಂದ ಮುಂದಕ್ಕೆ ಎಳೆಯುತ್ತದೆ. ನಟ್ಟು ಸಡಿಲವಿದ್ದರೆ ಚಕ್ರ ಓರೆಯಾಗಿ ಟಯರು ಎಡಗಡೆಯ ಫ್ರೇಮಿಗೆ ಉಜ್ಜುತ್ತದೆ. ಟಯರಿನ ಎಡ ಮೈಯಲ್ಲಿ ಕಪ್ಪು ಹೊಳಪು ಕಂಡರೆ ಕಾರಣ ಇದೇ. ಹದಿನೈದರ ಪಾನಾ ಹಾಕಿ ಪ್ರತಿ ಅಭ್ಯಾಸಕ್ಕೂ ಮುಂಚೆ ಎರಡೂ ನಟ್ಟು ಬಿಗಿ ಮಾಡಬೇಕು. ಚೈನಿನ ಕೆಳ ಎಳೆಯನ್ನು ನಡುವಿನಲ್ಲಿ ಬೆರಳಿನಿಂದ ಎತ್ತಿಳಿಸಿದರೆ ಒಂದು ಸೆಂಟಿಮೀಟರಿನಷ್ಟು ಆಡಬೇಕು. ಪೆಡಲನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಿ, ಎಲ್ಲೋ ಒಂದು ಕಡೆ ಬಿಗಿಯಾಗುವುದುಂಟು, ಅಳತೆ ಅಲ್ಲಿಯದನ್ನು ಹಿಡಿಯಬೇಕು. ಇದಕ್ಕಿಂತ ಅಪಾಯದ ಇನ್ನೊಂದು ವಿಷಯವಿದೆ. ಟ್ರ್ಯಾಕ್ ಸೈಕಲ್ಲಿನ ಹಬ್ಬಿನಲ್ಲಿ, ಅಂದರೆ ಹಿಂದಿನ ಚಕ್ರದ ನಡುಭಾಗದಲ್ಲಿ, ಹಲ್ಲುಚಕ್ರದ ಮೇಲೆ ಅದು ಬಿಚ್ಚದಂತೆ ಹಿಡಿಯುವ ಉಲ್ಟಾ ತಿರುಪಿನ ಬಳೆ, ಲಾಕ್‌ರಿಂಗ್, ಕೂರುತ್ತದೆ. ಮಾಮೂಲಿ ಹಬ್ಬಿನಲ್ಲಿ ಫ್ರೀವೀಲ್ ತೆಗೆದು ಅದೇ ತಿರುಪಿಗೆ ಗಟ್ಟಿ ಹಲ್ಲುಚಕ್ರ ತಿರುಗಿಸಿ ಕೊಡುವ ಅಂಗಡಿಗಳಿವೆ. ಲಾಕ್‌ರಿಂಗಿಗೆ ಅಲ್ಲಿ ಜಾಗವೇ ಇಲ್ಲ. ಮುಂದಕ್ಕೆ ತುಳಿಯುವಷ್ಟು ಹೊತ್ತು ಏನೂ ಗೊತ್ತಾಗುವುದಿಲ್ಲ. ವೇಗ ಇಳಿಸಲು ಹುಡುಗಿ ಪೆಡಲನ್ನು ಹಿಂದಕ್ಕೆ ಒತ್ತಿದ ಕೂಡಲೇ ಹಲ್ಲುಚಕ್ರ ಬಿಚ್ಚಿಕೊಳ್ಳುತ್ತದೆ, ನಿಲ್ಲಿಸುವ ಉಪಾಯವೇ ಕೈತಪ್ಪುತ್ತದೆ. ಅಂಥ ಸೈಕಲ್ಲನ್ನು ಮಕ್ಕಳ ಕೈಗೆ ಕೊಡಲೇಬಾರದು. ಒಳ್ಳೆಯ ಹಬ್ಬಿದ್ದರೂ ರಸ್ತೆಯ ಮೇಲೆ ಅಭ್ಯಾಸ ಮಾಡುವಾಗ ಮುಂದಿನ ಬ್ರೇಕ್ ಇರಲೇಬೇಕು. ಪೆಡಲಿನ ಪಟ್ಟಿ ಬಿಗಿಯಾಗಿರಲಿ. ಮೊದಲ ತುಳಿತಕ್ಕೆ ಕಾಲು ಕಳಚಿದರೆ ಬೀಳುವುದು ಖಂಡಿತ, ಪೆಡಲ್ ಮಾತ್ರ ತಿರುಗುತ್ತಲೇ ಇರುತ್ತದೆ.

ಇನ್ನು ಎರಡನೆಯವಳ ಕೆಲಸ. ಮುಂದಿನವಳ ಬೆನ್ನಿಗೆ ಅಂಟಿಕೊಂಡರೆ ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ, ಆದರೆ ಹೊರಟ ಕ್ಷಣಕ್ಕೇ ಅಂಟಿಕೊಳ್ಳಲು ಹೋದರೆ ಚಕ್ರಕ್ಕೆ ಚಕ್ರ ತಾಗುವ ಭಯದಲ್ಲಿ ತುಳಿತ ತಡೆಯಬೇಕಾಗುತ್ತದೆ. ಬಲ್ಲವರು ಬೇಕೆಂದೇ ಸ್ವಲ್ಪ ಅಂತರ ಬಿಟ್ಟು, ಆ ಅಂತರವನ್ನು ಸುತ್ತಿನ ಕೊನೆಯ ಭಾಗದಲ್ಲಿ ತುಂಬುತ್ತಾ ಬಂದು, ಮುಂದಿನವಳು ಸರಿಯುವ ಹೊತ್ತಿಗೆ ಅವಳಿಗಿಂತ ಹೆಚ್ಚಿನ ವೇಗದಲ್ಲಿರುತ್ತಾರೆ. ಅಂತರ ಹೆಚ್ಚಾದರೆ ಗಾಳಿಯ ಮರೆ ತಪ್ಪುತ್ತದೆ. ಕಡಿಮೆಯಾದರೆ ಗೆರೆಗೆ ಮುಂಚೆಯೇ ಮುಂದೆ ಹೋಗಿಬಿಡುವ ಅಪಾಯ.

ಆ ಅಪಾಯ ಎಂಥದು ಎಂಬುದಕ್ಕೆ ಲಂಡನ್ 2012 ನೋಡಬೇಕು. ಸುತ್ತು ಪೂರ್ತಿಯಾಗುವ ಗೆರೆಗೆ ಮೊದಲೇ ಹಿಂದಿನವಳು ಮುಂದಾಗಬಾರದು. ಗೆರೆ ದಾಟಿ 15 ಮೀಟರಿನೊಳಗೆ ಮುಂದಿನವಳು ಸರಿದುಕೊಡಬೇಕು. 60 ಕಿಲೋಮೀಟರ್ ವೇಗದಲ್ಲಿ 15 ಮೀಟರ್ ಎಂದರೆ ಒಂದು ಸೆಕೆಂಡಿಗೂ ಕಡಿಮೆ. ಬ್ರಿಟನ್ನಿನ ಪೆಂಡಲ್ಟನ್, ಜೆಸ್ ವಾರ್ನಿಶ್ ಜೋಡಿ ಫೈನಲ್‌ಗೆ ಮುಂಚಿನ ಹಣಾಹಣಿಯಲ್ಲಿ ಇದೇ ತಪ್ಪಿಗೆ ತಮ್ಮದೇ ದೇಶದ ಜನರ ಮುಂದೆ ಹೊರಬಿತ್ತು. ಅವರ ಜಾಗಕ್ಕೆ ಜರ್ಮನಿ ಫೈನಲ್‌ಗೆ ಬಂತು. ಫೈನಲ್‌ನಲ್ಲಿ ಚೀನಾದ ಗೊಂಗ್ ಜಿನ್‌ಜಿಯೆ, ಗುವೊ ಶುವಾಂಗ್ ಮೊದಲು ಗೆರೆ ಮುಟ್ಟಿದರೂ ಬದಲಿ, ಅಂದರೆ ಒಬ್ಬಳು ಸರಿದು ಇನ್ನೊಬ್ಬಳು ಮುಂದಾಗುವುದು, ತಪ್ಪೆಂದು ತೀರ್ಪಾಗಿ, ಚಿನ್ನ ಜರ್ಮನಿಯ ಮಿರಿಯಮ್ ವೆಲ್ಟೆ, ಕ್ರಿಸ್ಟಿನಾ ಫೋಗೆಲ್ ಪಾಲಾಯಿತು. ಅದನ್ನು ಅದೃಷ್ಟ ಎಂದು ಬರೆದವರಿದ್ದಾರೆ, ನಮಗೆ ಅದು ಒಪ್ಪಿಗೆಯಿಲ್ಲ. ಅದೇ ವರ್ಷ ಮೆಲ್ಬರ್ನ್ ವಿಶ್ವ ಚಾಂಪಿಯನ್‌ಷಿಪ್ ಗೆದ್ದಿದ್ದ ಜೋಡಿ ಅದು. ಒತ್ತಡದ ದಿನವೂ ಬದಲಿಯನ್ನು ಶುದ್ಧವಾಗಿ ಮಾಡಿತು, ಆ ಎರಡು ತಂಡಗಳು ಮಾಡಲಿಲ್ಲ.

ಈ ಬದಲಿಯನ್ನೂ ರಸ್ತೆಯಲ್ಲೇ ರೂಢಿ ಮಾಡಬಹುದು. ನೇರವಾದ, ಹೊಂಡವಿಲ್ಲದ ಡಾಂಬರು ರಸ್ತೆ 400 ಮೀಟರ್ ಸಿಕ್ಕರೆ ಸಾಕು, ಕೊನೆಯ 150 ಮೀಟರ್ ವೇಗ ಇಳಿಸಲು. ವಿಜಯಪುರ–ಗುಹಾಗರ ಹೆದ್ದಾರಿ ಬೇಡವೇ ಬೇಡ, ಹಳ್ಳಿಯ ಒಳರಸ್ತೆ ಹಿಡಿಯಿರಿ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಬೆಳಗಿನ ಜಾವಕ್ಕೇ ಹೊರಡುತ್ತವೆ, ಎರಡೂ ತುದಿಗೆ ಜನ ನಿಲ್ಲಿಸಿ ರಸ್ತೆ ತಡೆಯದೆ ಒಂದು ಓಟವೂ ಬಿಡಬಾರದು. ಟೇಪು ಹಿಡಿದು ಅಳೆದು ಹೊರಡುವ ಜಾಗಕ್ಕೆ, 62.5, 125, 250 ಮೀಟರಿಗೆ ಸುಣ್ಣದ ಗೆರೆ ಹಾಕಿ. 250ರ ಗೆರೆ ದಾಟಿ 15 ಮೀಟರಿಗೆ ಇನ್ನೊಂದು ಗೆರೆ. ಮುಂದಿನವಳು ಈ ಎರಡು ಗೆರೆಗಳ ನಡುವೆ ಬಲಕ್ಕೆ ಸರಿಯಬೇಕು. ಟ್ರ್ಯಾಕಿನಲ್ಲಿ ಏರು ಇರುವುದು ಬಲಗಡೆಗೇ, ಎಡಕ್ಕೆ ಸರಿಯುವ ರೂಢಿ ಬಿದ್ದರೆ ಆಮೇಲೆ ಬಿಡಿಸುವುದು ಕಷ್ಟ.

ಹೊತ್ತು ಅಳೆಯಲು ಸ್ಟಾಪ್‌ವಾಚ್ ನಂಬಬೇಡಿ, ಬೆರಳಿನ ತಡವೇ ಒಂದೆರಡು ಹತ್ತನೇ ಸೆಕೆಂಡು ತಿನ್ನುತ್ತದೆ. ಮೊಬೈಲಿನಲ್ಲಿ ಸೆಕೆಂಡಿಗೆ 60 ಚಿತ್ರದ ವಿಡಿಯೊ ತೆಗೆದು, ಹಿಡಿತ ಬಿಟ್ಟ ಚಿತ್ರದಿಂದ ಚಕ್ರ ಗೆರೆ ಮುಟ್ಟಿದ ಚಿತ್ರದವರೆಗೆ ಎಣಿಸಿ 60ರಿಂದ ಭಾಗಿಸಿ. ಮೊಬೈಲು ರಸ್ತೆಯ ಪಕ್ಕದಲ್ಲಿ ಗೆರೆಯ ನೇರಕ್ಕೆ ಇರಬೇಕು, ಓರೆ ಇದ್ದರೆ ಲೆಕ್ಕ ತಪ್ಪುತ್ತದೆ. ಹೊರಡುವುದೂ ಗೆರೆಯೂ ಒಂದೇ ವಿಡಿಯೊದಲ್ಲಿ ಸಿಗದಿದ್ದರೆ ಎಣಿಸುವ ದನಿ ಜೋರಾಗಿರಲಿ, ಆ ದನಿಯಿಂದ ಹೊಂದಿಸಬಹುದು. ಮೊದಲ ತಿಂಗಳು 62.5 ಮೀಟರಿನ ಹೊತ್ತನ್ನೇ ಬರೆದಿಡಿ, ಸಾಕು.

ವಾರಕ್ಕೆ ಎರಡು ದಿನ, ದಿನಕ್ಕೆ ನಾಲ್ಕರಿಂದ ಆರು ಹೊರಡಿಕೆ. ಒಂದೊಂದರ ನಡುವೆ ಐದಾರು ನಿಮಿಷ ಪೂರ್ತಿ ವಿಶ್ರಾಂತಿ. ಹುಡುಗಿಯರು ಸುಮ್ಮನೆ ಕೂತಿದ್ದಾರೆ ಎಂದು ದೈಹಿಕ ಶಿಕ್ಷಕರಿಗೆ ಇರಿಸುಮುರಿಸಾಗುವುದು ಸಹಜ, ಆದರೆ ವಿಶ್ರಾಂತಿ ಕಡಿತ ಮಾಡಿದರೆ ಮೂರನೆಯ ಓಟದಿಂದ ಮುಂದೆ ನೀವು ಕಲಿಸುತ್ತಿರುವುದು ದಣಿದ ಹೊರಡಿಕೆಯನ್ನು. ಹೊತ್ತು ಎರಡು ಸಲ ಸತತವಾಗಿ ಹೆಚ್ಚಾದರೆ ಆ ದಿನದ ಕೆಲಸ ಮುಗಿಯಿತು ಎಂದೇ ಲೆಕ್ಕ.

ನಮ್ಮ ಕೋರಿಕೆ ಎರಡು. ತಾಲ್ಲೂಕು, ಜಿಲ್ಲಾ ಮಟ್ಟದ ಶಾಲಾ ಸೈಕಲ್ ಸ್ಪರ್ಧೆ ನಡೆಸುವವರು ಹುಡುಗಿಯರ ರಸ್ತೆ ಓಟದ ದಿನವೇ, ಅದೇ ರಸ್ತೆಯಲ್ಲಿ, ನಿಂತ ಹೊರಡಿಕೆಯ 250 ಮೀಟರ್ ಓಟವೊಂದನ್ನು ಸೇರಿಸಲಿ. ಒಬ್ಬೊಬ್ಬರಾಗಿ ಬಿಟ್ಟರೆ ಐವತ್ತು ಹುಡುಗಿಯರನ್ನು ಎರಡು ಗಂಟೆಯಲ್ಲಿ ಓಡಿಸಬಹುದು, ಈ ಓಟಕ್ಕೆ ಟ್ರ್ಯಾಕ್ ಸೈಕಲ್ಲೂ ಬೇಕಿಲ್ಲ, ಶಾಲೆಗೆ ಬರುವ ಸೈಕಲ್ಲಿನಲ್ಲೇ ಯಾರು ಸಿಡಿಯುತ್ತಾರೆ ಎಂದು ಗೊತ್ತಾಗುತ್ತದೆ. ಖೊಖೊ ತಂಡದವರನ್ನು ಕರೆದು ಓಡಿಸಲಿ. ಎರಡನೆಯದು ತಮ್ಮಲ್ಲಿ: ಮುಂದಿನ ವಿಶ್ವ ಚಾಂಪಿಯನ್‌ಷಿಪ್ ಅಥವಾ ಏಷ್ಯನ್ ಸ್ಪರ್ಧೆಯ ಸುದ್ದಿ ಹಾಕುವಾಗ ಮೂವರ ಹೆಸರನ್ನೂ ಓಡಿದ ಕ್ರಮದಲ್ಲಿ, ಪ್ರತಿ ಸುತ್ತಿನ ಹೊತ್ತಿನೊಂದಿಗೆ ಅಚ್ಚು ಮಾಡಿ. ಅಧಿಕೃತ ಫಲಿತಾಂಶ ಪಟ್ಟಿಯಲ್ಲಿ ಅದು ಇರುತ್ತದೆ, ಹೆಚ್ಚೆಂದರೆ ಮೂರು ಸಾಲು ಹಿಡಿದೀತು. ನಮ್ಮ ಶಾಲೆಗಳ ಫಲಕದ ಮೇಲೆ ಹುಡುಗಿಯರು ತಮ್ಮ 250 ಮೀಟರಿನ ಹೊತ್ತಿನ ಪಕ್ಕದಲ್ಲಿ ಅದನ್ನು ಬರೆದುಕೊಳ್ಳುತ್ತಾರೆ.

ಇತಿ,
ಸೈಕಲ್ ತರಬೇತುದಾರರು ಮತ್ತು ದೈಹಿಕ ಶಿಕ್ಷಕರು,
ಉಮದಿ, ಜತ್ತ ತಾಲ್ಲೂಕು, ಸಾಂಗ್ಲಿ ಜಿಲ್ಲೆ